ಪರದೆಗೆ ಕಾಣದ ತಪ್ಪುಗಳು

ಸರ್ಕಾರಿ ಶಾಲೆಯ ಮಕ್ಕಳ ಗಣಿತ ಸುಧಾರಿಸಬೇಕಾದರೆ ತರಗತಿಗೊಂದು ಪ್ರೊಜೆಕ್ಟರ್ ಬೇಕು, ಅದರೊಟ್ಟಿಗೆ ಸ್ಲೈಡುಗಳಲ್ಲಿ ಸಿದ್ಧವಾದ ಪಾಠಗಳೂ ಬೇಕು ಎಂಬುದನ್ನು ಕೋಲಾರ ಜಿಲ್ಲೆಯ ವೇಮಗಲ್ ಸುತ್ತಮುತ್ತ ಈಗ ಯಾರೂ ಪ್ರಶ್ನಿಸುವುದಿಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಪೋಷಕರು ಕೇಳುವುದು ಅದನ್ನೇ, ದಾನಿಗಳು ಕೊಡಲು ಮುಂದಾಗುವುದೂ ಅದನ್ನೇ. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳು ಬೆಳೆದ ಮೇಲೆ ಹಣಕ್ಕೂ ದಾರಿಯಾಗಿದೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ವೆಚ್ಚ ಮಾಡಬೇಕು, ಸುತ್ತಲಿನ ಊರುಗಳಿಗೆ ಆದ್ಯತೆ ಕೊಡಬೇಕು. ಸ್ಮಾರ್ಟ್ ಕ್ಲಾಸ್ ಕೊಟ್ಟರೆ ವರದಿಯಲ್ಲಿ ತೋರಿಸುವುದು ಸುಲಭ: ಇಷ್ಟು ಶಾಲೆಗೆ ಇಷ್ಟು ಪರದೆ. ಕೊಡುವವರ ಮನಸ್ಸಿನ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಒಂದರಿಂದ ಐದನೇ ತರಗತಿಯ ಗಣಿತಕ್ಕೆ ಇದು ತಕ್ಕ ಸಾಧನವಲ್ಲ ಎಂದು ನಾನು ಖಚಿತವಾಗಿ ನಂಬಿದ್ದೇನೆ.

ಒಂದು ವ್ಯವಕಲನವನ್ನೇ ನೋಡೋಣ. ಸ್ಲೈಡಿನಲ್ಲಿ 42ರಿಂದ 17 ಕಳೆಯುತ್ತಾರೆ. 4ರ ಮೇಲೆ ಗೆರೆ ಬೀಳುತ್ತದೆ, ಪಕ್ಕದಲ್ಲಿ 3 ಮೂಡುತ್ತದೆ, ಒಂದು ಹತ್ತು ಜಾರಿಬಂದು 2ನ್ನು 12 ಮಾಡುತ್ತದೆ. ಉತ್ತರ 25. ಮಕ್ಕಳೆಲ್ಲ ಒಟ್ಟಿಗೆ ‘ಇಪ್ಪತ್ತೈದು’ ಎಂದು ಕೂಗುತ್ತಾರೆ, ಮುಂದಿನ ಸ್ಲೈಡ್ ಬರುತ್ತದೆ. ಈಗ ಪರದೆ ಆರಿಸಿ, 61ರಿಂದ 34 ಕಳೆಯಿರಿ ಎಂದು ಹೇಳಿ ನೋಟ್‌ಬುಕ್ ನೋಡಿ. ಒಬ್ಬ 33 ಎಂದು ಬರೆದಿರುತ್ತಾನೆ. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಎಂದು ಒಂದನೇ ತರಗತಿಯಲ್ಲಿ ನಾವೇ ಕಲಿಸಿದ್ದನ್ನು ನಂಬಿ, 4ರಲ್ಲಿ 1 ಕಳೆದಿದ್ದಾನೆ. ಇನ್ನೊಬ್ಬಳು 37 ಎಂದಿರುತ್ತಾಳೆ. ಅವಳು ದಶಕ ತೆಗೆದುಕೊಂಡಿದ್ದಾಳೆ, ಆದರೆ ತೆಗೆದುಕೊಂಡ ಕಡೆ ಒಂದು ಕಡಿಮೆ ಮಾಡಿಲ್ಲ. ಮೂರನೆಯ ಮಗು 30 ಎಂದು ಬರೆದಿದ್ದರೆ, ಒಂದರಲ್ಲಿ ನಾಲ್ಕು ಹೋಗುವುದಿಲ್ಲ, ಹಾಗಾಗಿ ಅಲ್ಲಿ ಏನೂ ಉಳಿಯುವುದಿಲ್ಲ ಎಂದು ಅದು ತೀರ್ಮಾನಿಸಿದೆ.

ಈ ಮೂರೂ ತಪ್ಪುಗಳಿಗೆ ಒಂದೇ ಮದ್ದು ನಡೆಯುವುದಿಲ್ಲ. ಮೊದಲನೆಯವನ ಕೈಗೆ ಹತ್ತು ಕಡ್ಡಿಗಳ ಕಟ್ಟುಗಳನ್ನು ಕೊಟ್ಟು, ಒಂದು ಕಟ್ಟನ್ನು ಅವನಿಂದಲೇ ಬಿಚ್ಚಿಸಬೇಕು. ಎರಡನೆಯವಳಿಗೆ ಬಿಚ್ಚುವುದು ಗೊತ್ತಿದೆ. ಉಳಿದ ಕಟ್ಟುಗಳನ್ನು ಇನ್ನೊಮ್ಮೆ ಎಣಿಸು ಎಂದರೆ ಸಾಕು. ಮೂರನೆಯ ಮಗುವಿನೊಡನೆ ಸೊನ್ನೆ ಎಂದರೇನು ಎಂಬಲ್ಲಿಂದ ಮಾತು ಶುರುವಾಗಬೇಕು. ಮಕ್ಕಳು ವ್ಯವಕಲನದಲ್ಲಿ ತಪ್ಪುವುದು ಬಹುಪಾಲು ಅಜಾಗರೂಕತೆಯಿಂದಲ್ಲ, ತಾವೇ ಕಟ್ಟಿಕೊಂಡ ತಪ್ಪು ನಿಯಮವನ್ನು ತಪ್ಪದೆ ಪಾಲಿಸುವುದರಿಂದ ಎಂದು ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲೇ ತೋರಿಸಿದ್ದರು. ಆ ನಿಯಮ ಯಾವುದೆಂದು ಪತ್ತೆ ಮಾಡುವುದೇ ಗಣಿತದ ಶಿಕ್ಷಕರ ಮುಖ್ಯ ಕೆಲಸ. ಸ್ಲೈಡ್ ಮಾಡುವುದು ಇದರ ವಿರುದ್ಧದ ಕೆಲಸ: ಮಗು ತಪ್ಪು ಮಾಡುವ ಮೊದಲೇ ಸರಿ ಉತ್ತರ ತೋರಿಸಿ ತಪ್ಪನ್ನು ಮರೆಮಾಡುತ್ತದೆ. ಸಾಮೂಹಿಕವಾಗಿ ಕೂಗಿದ ಉತ್ತರದಲ್ಲಿ ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ ಎಂಬುದು ಯಾರಿಗೂ ತಿಳಿಯುವುದಿಲ್ಲ.

ಸಿದ್ಧ ಪಾಠಗಳನ್ನು ಚೆನ್ನಾಗಿ ಮುಗಿಸಿದ ಮಗುವಿಗೂ ವಿಷಯ ತಿಳಿದಿರುತ್ತದೆ ಎಂಬ ಖಾತ್ರಿಯಿಲ್ಲ. ಸ್ಟ್ಯಾನ್ಲಿ ಎರ್ಲ್‌ವಾಂಗರ್ ಎಂಬ ಸಂಶೋಧಕ 1973ರಲ್ಲಿ ಪ್ರಕಟಿಸಿದ ಲೇಖನವೊಂದು ಗಣಿತ ಶಿಕ್ಷಣದಲ್ಲಿ ಇಂದಿಗೂ ಪ್ರಸಿದ್ಧ. ಅದರಲ್ಲಿ ಬೆನ್ನಿ ಎಂದು ಕರೆದಿರುವ ಹನ್ನೆರಡು ವರ್ಷದ ಹುಡುಗ, ಹಂತಹಂತವಾಗಿ ರಚಿಸಿದ ಸಿದ್ಧ ಪಾಠಗಳಲ್ಲಿ ಎರಡನೇ ತರಗತಿಯಿಂದ ಕಲಿಯುತ್ತಾ, ಪರೀಕ್ಷೆಗಳಲ್ಲಿ ಪಾಸಾಗುತ್ತಾ, ತರಗತಿಯ ಉಳಿದವರಿಗಿಂತ ಮುಂದಿದ್ದ. ಕೂತು ಮಾತಾಡಿಸಿದಾಗ ತಿಳಿದದ್ದು ಬೇರೆಯೇ. ಅವನ ಪ್ರಕಾರ ಹತ್ತನೇ ಎರಡು ಭಾಗ ಎಂದರೆ ದಶಮಾಂಶದಲ್ಲಿ 1.2, ಅಂಶ, ಛೇದ ಕೂಡಿಸಿ ನಡುವೆ ಬಿಂದು ಇಟ್ಟರೆ ಮುಗಿಯಿತು. ಗಣಿತವೆಂದರೆ ಯಾರೋ ಮಾಡಿಟ್ಟ ನಿಯಮಗಳ ಕಂತೆ ಎಂದೇ ಅವನು ತಿಳಿದಿದ್ದ. ಅಷ್ಟು ವರ್ಷ ಯಾರೂ ಅವನನ್ನು ‘ಇದು ಹೇಗೆ ಬಂತು?’ ಎಂದು ಕೇಳಿರಲಿಲ್ಲ.

ಇದಕ್ಕೆ ಎದುರಾಗಿ ಗಟ್ಟಿಯಾದ ಸಾಕ್ಷ್ಯವೂ ಇದೆ, ಅದನ್ನು ಬದಿಗಿಟ್ಟು ಮುಂದೆ ಹೋಗುವುದು ಸರಿಯಲ್ಲ. ಕೆನ್ಯಾದ ಬ್ರಿಜ್ ಶಾಲೆಗಳಲ್ಲಿ ಶಿಕ್ಷಕರು ಏನು ಹೇಳಬೇಕೆಂಬುದನ್ನೂ ಮೊದಲೇ ಬರೆದುಕೊಟ್ಟಿರುತ್ತಾರೆ. ಅಲ್ಲಿನ ಮಕ್ಕಳ ಕಲಿಕೆ ಗಮನಾರ್ಹವಾಗಿ ಹೆಚ್ಚಿತು ಎಂದು ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ಮೈಕೆಲ್ ಕ್ರೆಮರ್ ಮತ್ತು ಸಂಗಡಿಗರ 2022ರ ಅಧ್ಯಯನ ಹೇಳಿತು. ಆ ಫಲಿತಾಂಶವನ್ನು ನಾನು ಒಪ್ಪುತ್ತೇನೆ. ಆದರೆ ಅಲ್ಲಿ ಸಿದ್ಧ ಪಾಠ ಇದ್ದದ್ದು ಶಿಕ್ಷಕರ ಕೈಯಲ್ಲಿನ ಟ್ಯಾಬ್ಲೆಟ್ಟಿನಲ್ಲಿ, ಗೋಡೆಯ ಮೇಲಲ್ಲ. ಶಿಕ್ಷಕರ ಹಾಜರಾತಿ, ಮೇಲ್ವಿಚಾರಣೆ, ಪಾಠದ ಕ್ರಮ ಎಲ್ಲವೂ ಒಟ್ಟಿಗೆ ಸೇರಿದ್ದ ವ್ಯವಸ್ಥೆ ಅದು. ದೆಹಲಿಯಲ್ಲಿ ಕಂಪ್ಯೂಟರ್ ಬಳಸಿ ಗಣಿತ ಕಲಿಸಿದ ಪ್ರಯೋಗದ ಬಗ್ಗೆ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಲಾಭ ಕಂಡಿದೆ. ಅಲ್ಲಿ ಪ್ರತಿ ಮಗುವಿಗೂ ಅದರ ಮಟ್ಟಕ್ಕೆ ತಕ್ಕ ಪ್ರಶ್ನೆ ಬರುತ್ತಿತ್ತು. ಇವೆರಡರಲ್ಲಿ ಯಾವುದೂ ಇಡೀ ತರಗತಿಗೆ ಒಂದೇ ವೇಗದಲ್ಲಿ ಓಡುವ ಸ್ಲೈಡಿಗೆ ಸಮರ್ಥನೆಯಾಗುವುದಿಲ್ಲ.

ಒಂದೇ ವೇಗ ನಮ್ಮ ಶಾಲೆಗಳಿಗೆ ಎಷ್ಟು ಹೊರಗಿನದು ಎಂಬುದನ್ನು ಹಳ್ಳಿಯ ಯಾವ ಕಿರಿಯ ಪ್ರಾಥಮಿಕ ಶಾಲೆಗೆ ಹೋದರೂ ಕಾಣಬಹುದು. ಐದು ತರಗತಿ, ಇಬ್ಬರು ಶಿಕ್ಷಕರು, ಕೆಲವು ಕಡೆ ಒಬ್ಬರೇ. ನಾಲ್ಕು, ಐದು ಒಂದೇ ಕೋಣೆಯಲ್ಲಿ. 2024ರ ಅಸರ್ (ವಾರ್ಷಿಕ ಶಿಕ್ಷಣ ಸ್ಥಿತಿ ವರದಿ) ಸಮೀಕ್ಷೆಯಂತೆ ಗ್ರಾಮೀಣ ಭಾರತದ ಐದನೇ ತರಗತಿ ಮಕ್ಕಳಲ್ಲಿ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಶೇ 31ರಷ್ಟು ಮಾತ್ರ. ಐದನೇ ತರಗತಿಯ ಭಿನ್ನರಾಶಿ ಸ್ಲೈಡ್ ಓಡುವಾಗ ಉಳಿದವರು ಬಣ್ಣ ನೋಡುತ್ತಿರುತ್ತಾರೆ.

ಇಂಥ ಕೋಣೆಗೆಂದೇ ನಮ್ಮವರು ಕಟ್ಟಿದ ದಾರಿಯೊಂದಿದೆ. ನಮ್ಮ ಶ್ರೀನಿವಾಸಪುರ ದಾಟಿ ಹೋದರೆ ಸಿಗುವ ಮದನಪಲ್ಲಿಯ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಹೆಗ್ಗಡದೇವನಕೋಟೆಯ ಶಿಕ್ಷಕರು 1995ರಲ್ಲಿ ನಲಿ-ಕಲಿ ಆರಂಭಿಸಿದರು. ಕಲಿಕಾ ಏಣಿ, ಮೈಲಿಗಲ್ಲು, ಕಾರ್ಡು: ಅವೂ ಸಿದ್ಧ ಪಾಠಗಳೇ, ಆದರೆ ಮಗು ತನ್ನ ವೇಗದಲ್ಲಿ ಏಣಿ ಹತ್ತುತ್ತದೆ. ಇದಕ್ಕೂ ಬೆನ್ನಿಯ ಎಚ್ಚರಿಕೆ ಅನ್ವಯಿಸುತ್ತದೆ. ಕಾರ್ಡು ಮುಗಿಸುವುದೇ ಗುರಿಯಾಗಿ, ಶಿಕ್ಷಕರಿಗೆ ಮಗುವಿನ ಪಕ್ಕ ಕೂರಲು ಪುರಸೊತ್ತಿಲ್ಲದಿದ್ದರೆ ನಲಿ-ಕಲಿಯೂ ಸೋಲುತ್ತದೆ. ಹಾಗೆ ಸೋತ ಕಡೆ ದೂರಬೇಕಾದದ್ದು ಶಿಕ್ಷಕರ ಕೊರತೆಯನ್ನು.

ಸ್ಲೈಡುಗಳನ್ನು ಸ್ಥಳೀಯಗೊಳಿಸಿದರೆ ಸಾಕಲ್ಲವೇ, ಪಿಜ್ಜಾ ತೆಗೆದು ರೊಟ್ಟಿಯ ಚಿತ್ರ ಹಾಕೋಣ ಎನ್ನುವವರೂ ಇದ್ದಾರೆ. ಚಿತ್ರ ಬದಲಿಸುವುದರಿಂದ ಹೆಚ್ಚೇನೂ ಆಗದು. ಇಲ್ಲಿನ ಮಕ್ಕಳು ಡೇರಿಗೆ ಹಾಲು ಹಾಕುತ್ತಾರೆ, ಹದಿನೈದು ಕೆ.ಜಿ.ಯ ಟೊಮೆಟೊ ಬಾಕ್ಸುಗಳ ಲೆಕ್ಕ ಕೇಳುತ್ತಾ ಬೆಳೆಯುತ್ತಾರೆ, ರೇಷ್ಮೆಗೂಡಿನ ರೇಟು ಏರಿಳಿಯುವುದನ್ನು ಮನೆಯಲ್ಲೇ ಕಾಣುತ್ತಾರೆ. ಆದರೆ ಆ ಲೆಕ್ಕ ತಾನಾಗಿ ಕಾಗದದ ಲೆಕ್ಕವಾಗುವುದಿಲ್ಲ. ಬ್ರೆಜಿಲ್‌ನ ರೆಸಿಫೆಯಲ್ಲಿ ಬೀದಿ ವ್ಯಾಪಾರ ಮಾಡುತ್ತಿದ್ದ ಐದು ಮಕ್ಕಳ ಬಗ್ಗೆ 1985ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅವರು ವ್ಯಾಪಾರದಲ್ಲಿ ನೂರಕ್ಕೆ 98 ಲೆಕ್ಕ ಸರಿ ಮಾಡಿದರು. ಅದೇ ಲೆಕ್ಕಗಳು ಬರೀ ಅಂಕಿಗಳಾಗಿ ಎದುರಿಗೆ ಬಂದಾಗ ಸರಿಯಾದದ್ದು 37. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳ ಮಕ್ಕಳಲ್ಲೂ ಇದೇ ಅಂತರವಿದೆ ಎಂದು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು 2025ರಲ್ಲಿ ತೋರಿಸಿದರು. ಶಾಲೆಯ ಲೆಕ್ಕ ಬಲ್ಲ ಮಕ್ಕಳು ವ್ಯಾಪಾರದ ಲೆಕ್ಕದಲ್ಲಿ ಎಡವಿದ್ದೂ ಅದರಲ್ಲಿದೆ. ‘ಅಪ್ಪನ ಹತ್ರ ನಾಲ್ಕು ಬಾಕ್ಸ್ ಇದ್ರೆ ಎಷ್ಟು ಕೆ.ಜಿ. ಅಂತ ಮನಸ್ಸಲ್ಲೇ ಹೇಗೆ ಮಾಡಿದೆ, ಹೇಳು ಪುಟ್ಟಾ’ ಎಂದು ಕೇಳಿ, ಮಗು ಹೇಳಿದ್ದನ್ನೇ ಬೋರ್ಡಿನ ಮೇಲೆ ಅಂಕಿಗಳಲ್ಲಿ ಬರೆಯುವ ಮೇಷ್ಟ್ರು ಬೇಕು. ಮಗು ಮೂವತ್ತು, ಮೂವತ್ತು ಸೇರಿಸಿ ಅರವತ್ತು ಎಂದಿರುತ್ತದೆ. ಗುಣಾಕಾರದ ಪಾಠ ಶುರುವಾಗಬೇಕಾದದ್ದು ಅಲ್ಲಿಂದ. ಆ ಉತ್ತರ ಏನು ಬರುತ್ತದೆಂದು ಸ್ಲೈಡ್ ಬರೆದವರಿಗೆ ಮೊದಲೇ ತಿಳಿಯಲು ಸಾಧ್ಯವಿಲ್ಲ.

ಪರದೆಯಿಂದ ಉಪಯೋಗವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಘನಾಕೃತಿಯನ್ನು ತಿರುಗಿಸಿ ತೋರಿಸಲು, ದೊಡ್ಡ ಸ್ತಂಭಾಲೇಖ ಓದಿಸಲು ಅದು ಒಳ್ಳೆಯದು. ಗಣಿತದಲ್ಲಿ ಆತ್ಮವಿಶ್ವಾಸವಿಲ್ಲದ ಶಿಕ್ಷಕರಿಗೆ ಒಳ್ಳೆಯ ಪಾಠಯೋಜನೆ ಆಸರೆಯಾಗುತ್ತದೆ. ಅದನ್ನು ಅವರು ಹಿಂದಿನ ದಿನ ಓದಿಕೊಂಡು ಬರಲಿ, ತರಗತಿಯಲ್ಲಿ ಕಣ್ಣು ಮಕ್ಕಳ ನೋಟ್‌ಬುಕ್ಕಿನ ಮೇಲಿರಲಿ.

ಶಾಲೆಗೆ ಕೊಡಬೇಕೆಂದಿರುವ ಕಂಪನಿಗಳಿಗೂ ಎಸ್‌ಡಿಎಂಸಿ ಸದಸ್ಯರಿಗೂ ನನ್ನ ವಿನಂತಿ ಇಷ್ಟು. ಪರದೆಯ ಹಣದಲ್ಲಿ ಒಬ್ಬ ಅತಿಥಿ ಶಿಕ್ಷಕರ ಗೌರವಧನ ಕೊಡಿ. ಗಣಿತ ಕಲಿಕಾ ಆಂದೋಲನದಲ್ಲಿ ನಾಲ್ಕು, ಐದನೇ ತರಗತಿಗೆ ಬಂದ ಕಲಿಕಾ ಸಾಮಗ್ರಿಯ ಕಿಟ್‌ಗಳು ಕಳೆದರೆ ಲೆಕ್ಕ ಕೊಡಬೇಕೆಂಬ ಭಯಕ್ಕೆ ಬೀರುವಿನಲ್ಲಿ ಉಳಿದಿದ್ದರೆ ಬೀಗ ತೆಗೆಸಿ. ಭಿನ್ನರಾಶಿ ಪಟ್ಟಿ, ಹತ್ತರ ಕಟ್ಟು ಕಳೆದುಹೋಗಿದ್ದರೆ ಮತ್ತೆ ತರಿಸಿಕೊಡಿ, ಕಳೆದದ್ದಕ್ಕೆ ಯಾರನ್ನೂ ದಂಡಿಸಬೇಡಿ. ಕ್ಲಸ್ಟರ್ ಸಮಾಲೋಚನಾ ಸಭೆಗೆ ಪ್ರತಿ ಶಿಕ್ಷಕರೂ ತಮ್ಮ ಮಕ್ಕಳು ಮಾಡಿದ ಐದು ತಪ್ಪು ಲೆಕ್ಕಗಳನ್ನು ತರಲಿ, ಅದರ ಬಗ್ಗೆ ಒಂದು ಗಂಟೆ ಚರ್ಚೆಯಾಗಲಿ. ಮುಂದಿನ ಸಲ ಶಾಲೆಗೆ ಹೋದಾಗ ಸ್ಮಾರ್ಟ್ ಕ್ಲಾಸ್ ಇದೆಯೇ ಎಂದು ಕೇಳುವ ಮೊದಲು ನಿಮ್ಮ ಮಗುವಿನ ಗಣಿತದ ನೋಟ್‌ಬುಕ್ ತೆರೆದು, ತಪ್ಪು ಲೆಕ್ಕದ ಪಕ್ಕದಲ್ಲಿ ಶಿಕ್ಷಕರು ಏನಾದರೂ ಬರೆದಿದ್ದಾರೆಯೇ ನೋಡಿ.