ಗೋಡೆಯ ಬುಡಕ್ಕೊಂದು ಪಟ್ಟಿ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಮನೆಗಳಲ್ಲಿ ನೆಲ, ಗೋಡೆ ಸೇರುವಲ್ಲಿ ಗೌಂಡಿ ಕೂಡಿಸುವ ನಾಲ್ಕಿಂಚಿನ ಸ್ಕರ್ಟಿಂಗ್ ಬರೀ ಅಲಂಕಾರವಲ್ಲ. ನೆಲ ಒರೆಸುವ ನೀರು, ಕಸಬರಿಗೆಯ ಉಜ್ಜು, ಒರಗಿಸಿಟ್ಟ ಮೆಣಸಿನಕಾಯಿ ಚೀಲದ ತಿಕ್ಕಾಟ ಮೊದಲು ತಾಗುವುದು ಗೋಡೆಯ ಬುಡಕ್ಕೇ. ಬಣ್ಣ ಉದುರುವುದೂ ಅಲ್ಲಿಂದಲೇ. ಮಣ್ಣಿನ ಗೋಡೆಯ ಬುಡಕ್ಕೆ ಕೆಮ್ಮಣ್ಣು ಬಳಿದ ಹೆಣ್ಣುಮಕ್ಕಳು ಇದನ್ನು ಅರಿತಿದ್ದರು. ಚಳಿದೇಶಗಳಲ್ಲಿ ಕಟ್ಟಿಗೆಯ ಪಟ್ಟಿ ಹೊಂದೀತು. ನೀರು ಸುರಿದು ತೊಳೆಯುವ, ಗೆದ್ದಲು ಹತ್ತುವ ನಮ್ಮಲ್ಲಿ ಕಲ್ಲು, ಟೈಲ್ಸೇ ಸರಿ.

ಅಂಚಿನ ಮೇಲೆ ಧೂಳು ಕೂರುತ್ತದೆಂಬ ಆಕ್ಷೇಪ ನಿಜ. ಆದರೆ ತಪ್ಪು ಪಟ್ಟಿಯದಲ್ಲ, ಕೂಡಿಸಿದ ರೀತಿಯದು. ಗಿಲಾವಿನ ಸಮಕ್ಕೆ ಒಳಸೇರಿಸಿ ಸಂದಿ ತುಂಬಿದರೆ ಧೂಳಿಗೆ ಜಾಗವಿಲ್ಲ. ಬುನಾದಿಯಿಂದೇರುವ ತೇವವನ್ನು ಇದು ತಡೆಯದು, ಅದು ಇದರ ಕೆಲಸವೂ ಅಲ್ಲ. ಮೂಲೆಯಲ್ಲಿ 45 ಡಿಗ್ರಿಗೆ ಕೊಯ್ದು ಗೆರೆ ಕಾಣದಂತೆ ಸೇರಿಸುವ ಗೌಂಡಿಗೆ ಕೂಲಿಯ ಜೊತೆ ಗೌರವವೂ ಸಲ್ಲಬೇಕು.