ಮಗ್ಗದ ಶೆಡ್ಡಿನ ಕಬ್ಬಿಣದ ಚೀಟಿಗೆ ಒಂದು ವ್ಯಾಖ್ಯಾನ

ಕೈಮಗ್ಗ ಮನೆಯೊಳಗೇ ಇರುತ್ತಿತ್ತು. ಜಂತಿ ಹೊತ್ತ ಮಣ್ಣಿನ ಮಾಳಿಗೆ, ನಡುವೆ ಕಟ್ಟಿಗೆಯ ಕಂಬ, ಕೆಳಗೆ ಕಾಲಿಳಿಬಿಡುವ ಕುಣಿ ಇದ್ದರೆ ಕುಣಿಮಗ್ಗದ ನೇಕಾರನಿಗೆ ಸಾಕಿತ್ತು. ವಿದ್ಯುತ್ ಮಗ್ಗ ಬಂದಮೇಲೆ ರಬಕವಿ-ಬನಹಟ್ಟಿಯಲ್ಲಿ ನಡುಗಂಬ ಅಡ್ಡಬಾರದ ಅಗಲವಾದ ಜಾಗ ಬೇಕಾಯಿತು. ಅದನ್ನು ಒದಗಿಸಿಕೊಟ್ಟದ್ದು ಕಬ್ಬಿಣ. ಶೆಡ್ಡು ಕಟ್ಟಿಸುವವರಿಗೆ ವೆಲ್ಡಿಂಗ್ ಅಂಗಡಿಯವರು ಬರೆದುಕೊಡುವಂಥ ಸಾಮಾನಿನ ಚೀಟಿಯ ಒಂದು ಮಾದರಿಯನ್ನು ಇಲ್ಲಿ ಸಾಲುಸಾಲಾಗಿ ಬಿಡಿಸಿದ್ದೇನೆ. ರೊಕ್ಕ ಉಳಿಸಲು ಹೊರಟವರು ಗೀಟು ಹಾಕುವುದು ಇಂಥ ಚೀಟಿಯ ಕೆಳಗಿನ ಸಾಲುಗಳಿಗೆ. ಶೆಡ್ಡು ನಿಲ್ಲುವುದು ಬಹುಪಾಲು ಅವುಗಳ ಮೇಲೆಯೇ.

"ಮಾಲು: ಐ.ಎಸ್. 2062, ಇ 250"

250 ಎಂಬುದು ಉಕ್ಕಿನ ತಾಳಿಕೆಯ ಅಂಕಿ. ಒಂದು ಚದರ ಮಿಲಿಮೀಟರಿಗೆ 250 ನ್ಯೂಟನ್, ಅಂದರೆ ಸುಮಾರು 25 ಕೆ.ಜಿ. ಭಾರ ಬೀಳುವವರೆಗೆ ಅದು ಎಳೆದರೂ ಮತ್ತೆ ಮೊದಲಿನ ಅಳತೆಗೆ ಬರುತ್ತದೆ. ಈ ಸಾಲಿದ್ದರೆ ಮಾಲಿನ ಜೊತೆ ಟೆಸ್ಟ್ ಸರ್ಟಿಫಿಕೇಟನ್ನೂ ಕೇಳಬೇಕು.

"ಕಂಬ: ಐ.ಎಸ್.ಎಂ.ಬಿ. 150"

ಇಂಗ್ಲಿಷಿನ 'ಐ' ಅಕ್ಷರದ ಆಕಾರದ, 150 ಮಿ.ಮೀ. ಆಳದ ಗರ್ಡರ್. ಮೀಟರಿಗೆ ಸುಮಾರು 15 ಕೆ.ಜಿ. ಇಷ್ಟೇ ತೂಕದ ಗಟ್ಟಿ ಚೌಕ ಸರಳು ತಗೊಂಡರೆ ಅದರ ಮಗ್ಗುಲು ಸುಮಾರು 44 ಮಿ.ಮೀ. ಆಗುತ್ತದೆ. ಬಾಗದೆ ನಿಲ್ಲುವುದರಲ್ಲಿ ಗರ್ಡರ್ ಆ ಸರಳಿಗಿಂತ 20 ಪಟ್ಟಿಗೂ ಹೆಚ್ಚು ಬಿಗಿ. ಯಾವ ತೊಲೆಯೇ ಆಗಲಿ, ಬಾಗುವಾಗ ಹೆಚ್ಚು ದುಡಿಯುವುದು ಅದರ ಎರಡು ಅಂಚು. ನಡುಭಾಗಕ್ಕೆ ಕೆಲಸ ಕಡಿಮೆ. ಅದಕ್ಕೇ ಕಬ್ಬಿಣವನ್ನು ನಡುವಿನಿಂದ ತೆಗೆದು ಅಂಚಿಗೆ ಸರಿಸಿದ್ದಾರೆ. ಆದರೆ ಇದೇ ಗರ್ಡರನ್ನು ಇನ್ನೊಂದು ಮಗ್ಗುಲಿಗೆ ಬಾಗಿಸಿ ನೋಡಿ, ಬಿಗುವು ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಕಂಬ ನಿಲ್ಲಿಸುವಾಗ ಯಾವ ಮುಖ ಯಾವ ಕಡೆಗೆ ಎಂದು ಮಾಲಕರು ನಿಂತು ನೋಡಲೇಬೇಕು. ಉದ್ದನೆಯ ಗೋಡೆಗೆ ಬಡಿಯುವ ಗಾಳಿಗೆ ಗಟ್ಟಿ ಮಗ್ಗುಲು ಎದುರಾಗಬೇಕು.

"ಟ್ರಸ್: ಆಂಗಲ್ 50×50×6. ಪತ್ರಾ 0.50"

ಪತ್ರಾ ಹಗುರು, ಆದ್ದರಿಂದ ಟ್ರಸ್ಸಿಗೆ ತೆಳುವಾದ ಆಂಗಲ್ ಸಾಕು ಎಂದು ವಾದಿಸುವವರಿದ್ದಾರೆ. ಏಪ್ರಿಲ್-ಮೇ ತಿಂಗಳ ಅಡ್ಡಮಳೆಯ ಗಾಳಿಯನ್ನು ಅವರು ಲೆಕ್ಕಕ್ಕೆ ತಗೊಂಡಿಲ್ಲ. ಗಾಳಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಬಂದರೆ ಚದರ ಮೀಟರಿಗೆ ಸುಮಾರು 47 ಕೆ.ಜಿ. ಒತ್ತಡ ಹುಟ್ಟುತ್ತದೆ. ಪತ್ರಾದ ತೂಕವೋ ಚದರ ಮೀಟರಿಗೆ ನಾಲ್ಕೈದು ಕೆ.ಜಿ. ಅಷ್ಟೆ. ಹೀಗಾಗಿ ಬಿರುಗಾಳಿಯಲ್ಲಿ ಮಾಡು ಕೆಳಗೆ ಕೂಡುವ ಬದಲು ಮೇಲಕ್ಕೆ ಏಳುತ್ತದೆ. ಎದ್ದಾಗ ಟ್ರಸ್ಸಿನ ಕೆಳಗಿನ ಆಂಗಲ್ಲಿನ ಕೆಲಸವೂ ತಲೆಕೆಳಗಾಗುತ್ತದೆ. ದಿನವೂ ಎಳೆತ ತಿನ್ನುತ್ತಿದ್ದದ್ದು ಆಗ ಒತ್ತಡಕ್ಕೆ ಸಿಗುತ್ತದೆ. ಎಳೆತಕ್ಕೆ ತೆಳು ಸರಳೂ ಸಾಕಾದೀತು, ಒತ್ತಡಕ್ಕೆ ಅದು ಮಗ್ಗುಲಿಗೆ ಮುರುಟುತ್ತದೆ.

"ಕ್ರಾಸ್ ಬ್ರೇಸಿಂಗ್ (ಬೇಕಿದ್ದರೆ)"

ಕಂಸದೊಳಗಿನ ಮಾತನ್ನು ನಾನು ಹೊಡೆದುಹಾಕುತ್ತೇನೆ. ಕಂಬದ ಸೊರಗು ಮಗ್ಗುಲು ಶೆಡ್ಡಿನ ಉದ್ದಕ್ಕೆ ಬಿದ್ದಿರುತ್ತದೆ. ಆ ದಿಕ್ಕಿಗೆ ಶೆಡ್ಡು ವಾಲದಂತೆ ಹಿಡಿಯುವುದು ಎರಡು ಕಂಬಗಳ ನಡುವಿನ ಈ ಅಡ್ಡಪಟ್ಟಿಗಳೇ. ಇಡೀ ಚೀಟಿಯಲ್ಲಿ ಇದರ ಖರ್ಚು ಬಹಳ ಕಡಿಮೆ.

"ಬೇಸ್ ಪ್ಲೇಟ್ 12 ಎಂ.ಎಂ., ಬೋಲ್ಟ್ 4"

ಲಾಳಿ ಅತ್ತಿತ್ತ ಓಡುವ ಮಗ್ಗದಲ್ಲಿ ಪ್ರತಿ ಎಳೆಗೂ ಒಂದು ಹೊಡೆತ. ಸಾಲು ಮಗ್ಗಗಳು ಒಟ್ಟಿಗೆ ಓಡುವಾಗ ನೆಲಕ್ಕೆ ಅಂಗೈ ಇಟ್ಟರೆ ಅದರ ಅದುರು ತಿಳಿಯುತ್ತದೆ. ಆ ಅದುರಿಗೆ ಒಂಟಿ ನಟ್ಟು ದಿನದಿನಕ್ಕೆ ಸಡಿಲಾಗುತ್ತದೆ. ಪ್ರತಿ ಬೋಲ್ಟಿಗೆ ಎರಡನೆಯ ನಟ್ಟು ಇರಲಿ. ಮಗ್ಗದ ಬುನಾದಿಗೂ ಕಂಬದ ಬುನಾದಿಗೂ ನಡುವೆ ಸಂದು ಬಿಡಿಸಿ. ಇನ್ನು ಪ್ಲೇಟು ನೆಲಮಟ್ಟದಿಂದ ಮೇಲಿರಬೇಕು. 2019ರ ಆಗಸ್ಟಿನಲ್ಲಿ ಕೃಷ್ಣೆ ಏರಿ ಬಂದದ್ದನ್ನು ಕಂಡ ಸೀಮೆ ಇದು. ನೀರು ಇಳಿದಮೇಲೂ ಕಂಬದ ಬುಡದ ಹಸಿ ಬೇಗ ಆರುವುದಿಲ್ಲ, ತುಕ್ಕು ಅಲ್ಲಿಂದಲೇ ಶುರು. ಕಾಂಕ್ರೀಟಿನಲ್ಲಿ ಹುಗಿದ ಕಂಬವಾದರೆ ತುಕ್ಕು ಹಿಗ್ಗಿ ಕಾಂಕ್ರೀಟನ್ನೇ ಸೀಳುತ್ತದೆ.

"ವೆಲ್ಡಿಂಗ್ ಸಹಿತ. ರೆಡ್ ಆಕ್ಸೈಡ್ 1 ಕೋಟ್"

ಒಂದು ಕೋಟ್ ಸಾಲದು. ಬಣ್ಣಕ್ಕೆ ಮೊದಲು ವೆಲ್ಡಿಂಗಿನ ಕರಿ ಪೊರೆಯನ್ನು ಸುತ್ತಿಗೆಯಿಂದ ಬಡಿದು ಬೀಳಿಸಿ, ತಂತಿ ಬ್ರಷ್ಷಿನಿಂದ ತಿಕ್ಕಿಸಬೇಕು. ಆಗ ಬೆಸುಗೆಯಲ್ಲಿ ತೂತಿದ್ದರೂ ಕಣ್ಣಿಗೆ ಬೀಳುತ್ತದೆ. ಈ ಬಣ್ಣ ತಡೆಯುವುದು ತುಕ್ಕನ್ನು ಮಾತ್ರ. ಮಗ್ಗದ ಶೆಡ್ಡಿನಲ್ಲಿ ಹತ್ತಿಯ ಧೂಳು ಟ್ರಸ್ಸಿನ ಮೇಲೆಲ್ಲ ಕೂತಿರುತ್ತದೆ. ಬೆಂಕಿ ಬಿದ್ದು ಉಕ್ಕಿನ ಕಾವು 550 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ತಾಳಿಕೆ ಅರ್ಧಕ್ಕೆ ಇಳಿಯುತ್ತದೆ. ಧೂಳು ಹೊಡೆಯುವುದೂ ಶೆಡ್ಡಿನ ರಕ್ಷಣೆಯ ಕೆಲಸವೇ.

"ತೂಕ: ಕಾಟಾ ಪ್ರಕಾರ"

ಕಾಟಾದ ಒಟ್ಟು ತೂಕ ಹಣ ಕೊಡಲಿಕ್ಕೆ ಸರಿ, ಮಾಲು ಪರೀಕ್ಷಿಸಲಿಕ್ಕೆ ಸಾಲದು. ಆಂಗಲ್ 50×50×6 ಮೀಟರಿಗೆ ಸುಮಾರು 4.5 ಕೆ.ಜಿ., ಆರು ಮೀಟರಿನ ಒಂದು ಉದ್ದಕ್ಕೆ 27 ಕೆ.ಜಿ. ಲಾರಿಯಿಂದ ಒಂದನ್ನು ಇಳಿಸಿಕೊಂಡು ಬೇರೆ ತೂಗಿ. 22-23 ಕೆ.ಜಿ. ಬಂದರೆ ಅದು ಆರರ ಆಂಗಲ್ ಅಲ್ಲ, ಐದರದು. ಕಟಿಂಗ್ ಶುರುವಾಗುವ ಮೊದಲೇ ವಾಪಸ್ ಕಳಿಸಿ.