ಕೇರಿಯ ಹೆಂಗಸರು ಆ ರಾತ್ರಿ ಎಲ್ಲಿದ್ದರು?

ಪದವಿ ತರಗತಿಯ ಹುಡುಗಿಯೊಬ್ಬಳು ಪ್ರೇಮಚಂದರ 'ಕಫನ್' ಕತೆಯ ಮೇಲೆ ಸಂಶೋಧನಾ ಪ್ರಬಂಧ ಬರೀತೀನಿ ಅಂತ ಮೊದಲ ಪುಟ ತಂದು ತೋರಿಸಿದಳು. ಪ್ರೇಮಚಂದರು 1880ರಲ್ಲಿ ಬನಾರಸ್ ಹತ್ತಿರದ ಲಮಹಿಯಲ್ಲಿ ಹುಟ್ಟಿದರು ಎಂದು ಶುರುವಾಗಿತ್ತು. ನಾನು ನಗಲಿಲ್ಲ. ಎಂ.ಎ. ಓದುವಾಗ ಇದೇ ಕತೆಯ ಮೇಲೆ ನಾನು ಬರೆದದ್ದೂ ಹೀಗೇ ಹುಟ್ಟೂರಿನಿಂದಲೇ ಶುರುವಾಗಿತ್ತು. ಮಧ್ಯದಲ್ಲೆಲ್ಲೋ 'ನಮ್ಮಜ್ಜಿ ಸೂಲಗಿತ್ತಿ' ಅನ್ನೋ ಒಂದು ಸಾಲು ನುಸುಳಿಬಿಟ್ಟಿತ್ತು. ಮೇಷ್ಟ್ರು ಅದರ ಮೇಲೆ ಕೆಂಪು ಗೆರೆ ಎಳೆದು, ಇದು ವಿಮರ್ಶೆಯಲ್ಲ ಎಂದು ಪಕ್ಕದಲ್ಲಿ ಬರೆದರು. ಹೆದರಿ ತೆಗೆದುಹಾಕಿದೆ. ಈಗ ಆ ಹೊಡೆದುಹಾಕಿದ ಸಾಲಿನಿಂದಲೇ ಮತ್ತೆ ಶುರು ಮಾಡುತ್ತಿದ್ದೇನೆ.

ಕತೆ ಗೊತ್ತಿದ್ದವರೂ ಒಮ್ಮೆ ನೆನಪು ಮಾಡಿಕೊಳ್ಳಬೇಕು. ಚಳಿಗಾಲದ ರಾತ್ರಿ. ಚಮಾರರ ಕೇರಿಯ ಒಂದು ಗುಡಿಸಲ ಬಾಗಿಲಲ್ಲಿ ಅಪ್ಪ ಘೀಸು, ಮಗ ಮಾಧವ ಯಾರದೋ ಹೊಲದಿಂದ ಕಿತ್ತು ತಂದ ಆಲೂಗಡ್ಡೆ ಸುಟ್ಟು ತಿಂತಾ ಕೂತಿದ್ದಾರೆ. ಒಳಗೆ ಮಾಧವನ ಹೆಂಡತಿ ಬುಧಿಯಾ ಹೆರಿಗೆ ನೋವಿನಲ್ಲಿ ಒದ್ದಾಡುತ್ತಿದ್ದಾಳೆ. ತಾನು ಎದ್ದು ಒಳಗೆ ಹೋದರೆ ಅಪ್ಪ ಹೆಚ್ಚು ತಿಂದುಬಿಟ್ಟಾನು ಎಂದು ಮಗನಿಗೆ ಭಯ. ಬೆಳಿಗ್ಗೆ ನೋಡಿದರೆ ಅವಳು ಸತ್ತಿದ್ದಾಳೆ, ಮಗು ಹೊಟ್ಟೆಯಲ್ಲೇ ಸತ್ತಿದೆ. ಜಮೀನ್ದಾರ ಎಸೆದ 2 ರೂಪಾಯಿಗೆ ಊರವರ ಪುಡಿಗಾಸು ಸೇರಿ 5 ರೂಪಾಯಿ ಆಗುತ್ತದೆ. ಹೆಣದ ಬಟ್ಟೆ ತರಲು ಪೇಟೆಗೆ ಹೋದ ಅಪ್ಪ ಮಗ ಹೆಂಡದಂಗಡಿಯಲ್ಲಿ ಅಷ್ಟನ್ನೂ ಕುಡಿದು ತಿಂದು ಮುಗಿಸುತ್ತಾರೆ.

ದುಡಿಮೆಗೆ ಬೆಲೆಯೇ ಇಲ್ಲದ ವ್ಯವಸ್ಥೆ ಮನುಷ್ಯನನ್ನು ಹೇಗೆ ಒಣಗಿಸುತ್ತದೆ ಅನ್ನೋದನ್ನು ಪ್ರಗತಿಶೀಲ ವಿಮರ್ಶಕರು ಇಲ್ಲಿ ಕಂಡರು. ಹಿಂದಿಯ ದಲಿತ ಲೇಖಕರಲ್ಲಿ ಹಲವರು, ಇಡೀ ಜಾತಿಯನ್ನೇ ಸೋಮಾರಿಗಳು, ಕರುಳಿಲ್ಲದವರು ಅಂತ ತೋರಿಸಿದ್ದಾರಲ್ಲ ಎಂದು ಸಿಟ್ಟಾದರು. ಡಾ. ಧರ್ಮವೀರ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬುಧಿಯಾಳ ಹೊಟ್ಟೆಯಲ್ಲಿದ್ದದ್ದು ಠಾಕೂರನ ಮಗು, ಅದಕ್ಕೇ ಗಂಡ, ಮಾವ ಒಳಗೆ ಹೋಗಲಿಲ್ಲ ಎಂದು ಓದಿದರು. ಅನಿತಾ ಭಾರತಿಯವರಂಥ ದಲಿತ ಲೇಖಕಿಯರು ಈ ಓದನ್ನು ಒಪ್ಪಲಿಲ್ಲ. ಒಪ್ಪದಿದ್ದದ್ದು ಸರಿ. ಕತೆಯಲ್ಲಿ ಅಂಥ ಸುಳಿವು ಎಲ್ಲೂ ಇಲ್ಲ. ಸತ್ತವಳ ಮೇಲೆ ನಾವೂ ಒಂದು ಕಲ್ಲು ಹಾಕಿದ ಹಾಗಾಯಿತು, ಅಷ್ಟೆ.

ಈ ಜಗಳಗಳೆಲ್ಲ ಬಾಗಿಲ ಹೊರಗೆ ಕೂತ ಇಬ್ಬರು ಗಂಡಸರ ಸುತ್ತಲೇ ನಡೆದವು. ಒಳಗಿನವಳಿಗೆ ಕತೆಯಲ್ಲಿ ಒಂದೂ ಮಾತಿಲ್ಲ, ನರಳಾಟ ಮಾತ್ರ. ಬೀಸಿ, ಹುಲ್ಲು ಕೊಯ್ದು ಆ ಇಬ್ಬರ ಹೊಟ್ಟೆ ತುಂಬಿಸುತ್ತಿದ್ದವಳು ಅವಳೇ.

ಒಂದು ಸಲ ಅಜ್ಜಿಗೆ ಈ ಕತೆ ಹೇಳಿದೆ. ಘೀಸು ಮಾಧವರನ್ನು ಅವಳು ಬಯ್ಯಲಿಲ್ಲ, ಗಂಡಸರಿಂದ ಅವಳು ಅಂಥದ್ದೇನೂ ನಿರೀಕ್ಷಿಸಿದವಳೂ ಅಲ್ಲ. 'ಆ ಕೇರೀಲಿ ಹೆಂಗಸ್ರೇ ಇರ್ನಿಲ್ವಾ ಮಗಾ?' ಎಂದಳು. ಗೌಡರ ಮನೆಯಿಂದ ಕರೆ ಬಂದರೆ ನಡುರಾತ್ರಿಯಲ್ಲೂ ಲಾಟೀನು ಹಿಡಿದು ಹೋಗಿ, ಹಿತ್ತಿಲ ಬಾಗಿಲಲ್ಲಿ ಒಳಗೆ ನುಗ್ಗಿ, ಮಗುವಿನ ಕರುಳಬಳ್ಳಿ ಕುಯ್ದು ಬಂದವಳು ಅವಳು. ಕೇರಿಯಲ್ಲಿ ಹೆರಿಗೆ ಅಂದರೆ ಕರೆಯೇ ಬೇಕಿರಲಿಲ್ಲ.

ಅಜ್ಜಿಯ ಪ್ರಶ್ನೆ ಹಿಡಿದು ಕತೆಗೆ ವಾಪಸು ಹೋದೆ. ಮಗುವಾದರೆ ಶುಂಠಿ, ಬೆಲ್ಲ, ಎಣ್ಣೆ ಏನೂ ಇಲ್ಲವಲ್ಲ ಅನ್ನೋ ಯೋಚನೆ ಅಲ್ಲಿದೆ. ದೆವ್ವ ಬಿಡಿಸುವ ಓಝಾ ಕೂಡ 1 ರೂಪಾಯಿ ಕೇಳುತ್ತಾನೆ ಅನ್ನೋ ಲೆಕ್ಕವೂ ಇದೆ. ಸೂಲಗಿತ್ತಿಯ ಮಾತೇ ಇಲ್ಲ. ಉತ್ತರ ಭಾರತದ ಹಳ್ಳಿಗಳಲ್ಲಿ ಸೂಲಗಿತ್ತಿ ಕೆಲಸ ಹೆಚ್ಚಾಗಿ ಯಾರ ಕೈಲಿತ್ತು? ಚಮಾರ ಹೆಂಗಸರ ಕೈಲಿ. ಮುಟ್ಟಿಸಿಕೊಳ್ಳದ ಮೇಲ್ಜಾತಿಯ ಮಕ್ಕಳನ್ನೂ ಮೊದಲು ಮುಟ್ಟಿದ್ದು ಆ ಕೈಗಳೇ. ಚಮಾರರ ಕೇರಿಯಲ್ಲೇ, ಚಮಾರರ ಸೊಸೆಯೊಬ್ಬಳು ಸೂಲಗಿತ್ತಿಯಿಲ್ಲದೆ ಸಾಯುತ್ತಾಳೆ ಅಂದರೆ ಓದುಗರು ಅಲ್ಲಿ ನಿಲ್ಲಬೇಕು. ನಾವು ನಿಲ್ಲಲಿಲ್ಲ, ಆಲೂಗಡ್ಡೆಯನ್ನೇ ನೋಡುತ್ತಾ ಮುಂದೆ ಹೋದೆವು.

ಹಾಗಾದರೆ ಪ್ರೇಮಚಂದರಿಗೆ ಕೇರಿ ಗೊತ್ತಿರಲಿಲ್ಲವೆ? ಹಾಗೆ ಹೇಳಿ ಕೈ ತೊಳೆದುಕೊಳ್ಳಲು ಕತೆಯೇ ಬಿಡುವುದಿಲ್ಲ. ಬೆಳಿಗ್ಗೆ ಅಳು ಕೇಳಿದ ಕೂಡಲೇ ನೆರೆಯವರು ಓಡಿಬರುತ್ತಾರೆ, ಹೆಂಗಸರು ಹೆಣ ನೋಡಿ ಕಣ್ಣೀರು ಹಾಕುತ್ತಾರೆ, ಬಿದಿರು ಕಡಿಯುವ ಕೆಲಸವೂ ನಡೆಯುತ್ತದೆ. ಸಾವಿಗೆ ಬಂದ ಕೇರಿ ಹೆರಿಗೆಗೆ ಬರಲಿಲ್ಲ. ಅಪ್ಪ ಮಗನ ನಡತೆಗೆ ಬೇಸತ್ತು ಬರಲಿಲ್ಲ ಅನ್ನಬಹುದು, ಆದರೆ ಕತೆ ಅದನ್ನೂ ಹೇಳುವುದಿಲ್ಲ. ನನಗನ್ನಿಸೋದು ಇಷ್ಟು: ಗುಡಿಸಲ ಮುಂದೆ ಆ ಇಬ್ಬರೇ ಇದ್ದರೆ ತಾನೆ ಕತೆಯ ವ್ಯಂಗ್ಯ ನಿಲ್ಲೋದು? ಅದಕ್ಕಾಗಿ ಕೇರಿಯ ಹೆಂಗಸರು ಒಂದು ರಾತ್ರಿ ಇಲ್ಲವಾಗಬೇಕಾಯಿತು. ದೇವನೂರ ಮಹಾದೇವರ 'ಒಡಲಾಳ'ದಲ್ಲೂ ಕದ್ದ ಕಡ್ಲೆಕಾಯಿ ಇದೆ, ಬೆಂಕಿ ಇದೆ, ಹಸಿವಿದೆ. ಅಲ್ಲಿ ಮನೆ ಮಂದಿಯೆಲ್ಲ ಒಟ್ಟಿಗೆ ಸುತ್ತ ಕೂತು ತಿನ್ನುತ್ತಾರೆ. ಎರಡು ಬೆಂಕಿಗಳ ನಡುವಿನ ಈ ಅಂತರ ಒಂದು ಪ್ರಬಂಧಕ್ಕೆ ಸಾಕಾಗುವಷ್ಟಿದೆ.

ಇಷ್ಟು ಹೇಳಿದರೂ 'ಕಫನ್' ಸಣ್ಣ ಕತೆಯಾಗುವುದಿಲ್ಲ. ಬದುಕಿದ್ದಾಗ ಹರಕು ಬಟ್ಟೆಗೂ ಗತಿಯಿಲ್ಲದವಳಿಗೆ ಸತ್ತ ಮೇಲೆ ಹೊಸ ಬಟ್ಟೆ ಯಾಕೆ ಅನ್ನೋ ಘೀಸುವಿನ ಪ್ರಶ್ನೆ ಇವತ್ತಿಗೂ ಮೈ ಸುಡುತ್ತದೆ. 2004ರಲ್ಲಿ ದೆಹಲಿಯಲ್ಲಿ ಪ್ರೇಮಚಂದರ 'ರಂಗಭೂಮಿ'ಯನ್ನು ಸುಟ್ಟವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಸುಟ್ಟ ಪುಸ್ತಕವನ್ನು ಅಡ್ಡಪ್ರಶ್ನೆ ಕೇಳೋಕಾಗಲ್ಲ.

ಆ ಹುಡುಗಿಗೆ, 1880 ಬಿಟ್ಟು 1935 ಇಟ್ಟುಕೋ ಅಂದೆ. ಆ ಅಕ್ಟೋಬರ್‌ನಲ್ಲಿ ಅಂಬೇಡ್ಕರರು ಯೇವಲಾದಲ್ಲಿ, ತಾನು ಹಿಂದುವಾಗಿ ಸಾಯುವುದಿಲ್ಲ ಎಂದು ಸಾರಿದರು. ಡಿಸೆಂಬರ್‌ನಲ್ಲಿ 'ಕಫನ್' ಉರ್ದುವಿನಲ್ಲಿ, 'ಜಾಮಿಯಾ' ಪತ್ರಿಕೆಯಲ್ಲಿ ಬಂತು. ಸಾವಿರಾರು ಜನ ಒಂದಾಗಿ ನಿಂತ ವರ್ಷದಲ್ಲೇ, ನೆರೆಹೊರೆಯೇ ಇಲ್ಲದ ಹಾಗೆ ಒಂದು ದಲಿತ ಗುಡಿಸಲು. ಇವೆರಡನ್ನೂ ಅಕ್ಕಪಕ್ಕ ಇಟ್ಟು ನೋಡು, ಆದರೆ ಒಂದರಿಂದ ಇನ್ನೊಂದು ಹುಟ್ಟಿತು ಅಂತ ಮಾತ್ರ ಬರೀಬೇಡ ಎಂದೆ.

ವಾರ ಬಿಟ್ಟು ಬಂದಳು. ಇಸವಿಯೇ ಇರಲಿಲ್ಲ. ಮೊದಲ ಸಾಲು ಹೀಗಿತ್ತು: ಬೆಳಿಗ್ಗೆ ಅತ್ತ ಹೆಂಗಸರಿಗೆ ರಾತ್ರಿಯ ನರಳಾಟ ಕೇಳಿಸಲಿಲ್ಲವೆ?